ಅತ್ತೆಯ ಟ್ರಂಕು, ಪ್ಯಾನ್ ಆಮ್ ನೆನಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಸೋದರತ್ತಿ ಬಾಂಬೆದಾಗ ಪ್ಯಾನ್ ಆಮ್ ವಿಮಾನ ಕಂಪನಿ ಟಿಕೆಟ್ ಕೌಂಟರ್‌ನ್ಯಾಗ ಕೆಲಸಾ ಮಾಡ್ತಿದ್ರು. ಲಗ್ನ ಆಗಿರಲಿಲ್ಲ, ಕಂಪನಿ ಬಂದ್ ಆದ್ಮ್ಯಾಲೆ ಬ್ಯಾರೆ ಕಡೆ ದುಡದು ಕಡೀಕ ಧಾರವಾಡಕ್ಕ ಬಂದು ನಮ್ಮ ಮನ್ಯಾಗ ಇದ್ರು, ಹೋದ ವರ್ಷ ತೀರಿಕೊಂಡ್ರು. ಅವರ ಟ್ರಂಕು ತಗದ್ರ ಅದರಾಗ ಒಂದ್ ನೀಲಿ ಬ್ಯಾಗು, ಎದಿಗೆ ಹಚ್ಚೋ ಬ್ಯಾಡ್ಜ್, ವಿಮಾನದ ಟೈಮ್‌ಟೇಬಲ್, ಊಟದ ಮೆನು ಕಾರ್ಡು, ಒಂದ್ ಕಟ್ಟು ಫೋಟೋ, ಮತ್ತ ಎರಡು ನೋಟ್‌ಬುಕ್ ಅದಾವ. ನೋಟ್‌ಬುಕ್ಕಿನ್ಯಾಗ ಕನ್ನಡದಾಗ ‘ಫ್ರಾಂಕ್‌ಫರ್ಟ್ ಫ್ಲೈಟ್ ಲೇಟು, ಎಲ್ಲಾರಿಗೂ ಊಟಾ ಕೊಡಿಸಿದ್ವಿ’ ಅಂತ ಏನೇನೋ ಬರ್ದಾರ. ನಮ್ಮಣ್ಣ ಅಂತಾನ, ಬ್ಯಾಗಿಗೆ ಆನ್‌ಲೈನ್‌ನ್ಯಾಗ ಚಲೋ ರೊಕ್ಕ ಬರ್ತದ ಮಾರಿಬಿಡು, ಉಳಿದಿದ್ದು ರದ್ದಿ. ನನಗ ಮನಸ್ಸು ಬರವಲ್ದು. ಏನ್ ಮಾಡ್ಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ರದ್ದಿಗೆ ಮಾತ್ರ ಹಾಕ್ಬೇಡಿ, ದಯವಿಟ್ಟು. ಉಳಿದಿದ್ದು ನಿಧಾನಕ್ಕೆ ಮಾತಾಡೋಣ.

ನಿಮ್ಮಣ್ಣ ಹೇಳಿದ್ದು ಸುಳ್ಳಲ್ಲ, ಆ ನೀಲಿ ಬ್ಯಾಗನ್ನ ದುಡ್ಡು ಕೊಟ್ಟು ತಗೊಂಡು ಜೋಪಾನ ಮಾಡೋರು ಬಹಳ ಜನ ಇದಾರೆ, ಆದ್ರೆ ಅದೇ ಕಾರಣಕ್ಕೇ ಆ ಬ್ಯಾಗು ಹೇಗೋ ಉಳಿದುಕೊಳ್ಳುತ್ತೆ, ನಿಮ್ಮನೇಲಿ ಇಲ್ದಿದ್ರೆ ಇನ್ಯಾರ ಮನೇಲೋ. ನಿಮ್ಮತ್ತೆ ನೋಟ್‌ಬುಕ್ ಹಂಗಲ್ಲ. ಬಾಂಬೆ ಕೌಂಟರಲ್ಲಿ ನಿಂತು ಫ್ಲೈಟ್ ಯಾವತ್ತು ಲೇಟಾಯ್ತು, ಪ್ಯಾಸೆಂಜರ್‌ಗಳಿಗೆ ಏನು ಮಾಡಿದ್ವಿ ಅಂತ ಕನ್ನಡದಲ್ಲಿ ಬರೆದಿಟ್ಟಿರೋ ಪುಸ್ತಕ ಪ್ರಪಂಚದಲ್ಲಿ ಇರೋದು ಅದೊಂದೇ. ನನ್ನ ಪ್ರಕಾರ ಆ ಟ್ರಂಕಲ್ಲಿ ಎಲ್ಲಕ್ಕಿಂತ ಬೆಲೆ ಇರೋದು ನಿಮ್ಮಣ್ಣ ರದ್ದಿ ಅಂದಿದ್ದಕ್ಕೇ.

ಪ್ಯಾನ್ ಆಮ್ ಅಂದ್ರೇನು ಅಂತ ಈಗಿನ ಹುಡುಗರಿಗೆ ಗೊತ್ತಿರಲ್ಲ, ಅವರಿಗೋಸ್ಕರ ಸ್ವಲ್ಪ ಹೇಳ್ತೀನಿ. ಪ್ಯಾನ್ ಅಮೆರಿಕನ್ ಅಂತ ಪೂರ್ತಿ ಹೆಸರು, 1927ರಲ್ಲಿ ಫ್ಲೋರಿಡಾದ ಕೀ ವೆಸ್ಟ್‌ನಿಂದ ಕ್ಯೂಬಾದ ಹವಾನಾಗೆ ಟಪಾಲು ಸಾಗಿಸೋದ್ರಿಂದ ಶುರುವಾಗಿದ್ದು, ಹ್ವಾನ್ ಟ್ರಿಪ್ ಅನ್ನೋರು ಅದನ್ನ ಕಟ್ಟಿ ಬೆಳೆಸಿದ್ರು. 1935 ನವೆಂಬರ್‌ನಲ್ಲಿ ಇವರ ‘ಚೈನಾ ಕ್ಲಿಪ್ಪರ್’ ಅನ್ನೋ ನೀರಿನ ಮೇಲೆ ಇಳಿಯೋ ವಿಮಾನ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ಅಂತ ದ್ವೀಪದಿಂದ ದ್ವೀಪಕ್ಕೆ ಹಾರ್ತಾ ಮನಿಲಾ ತಲುಪಿತು, ಪೆಸಿಫಿಕ್ ಸಮುದ್ರ ದಾಟಿದ ಮೊದಲ ವಿಮಾನ ಟಪಾಲು ಅದು. 1947ರಲ್ಲಿ ಭೂಮಿ ಸುತ್ತೋ ಸರ್ವಿಸ್ಸೇ ಶುರು ಮಾಡಿದ್ರು, ನ್ಯೂಯಾರ್ಕಲ್ಲಿ ಹತ್ತಿದ್ರೆ ಲಂಡನ್, ಇಸ್ತಾಂಬುಲ್, ಕರಾಚಿ, ಕಲ್ಕತ್ತಾ, ಬ್ಯಾಂಕಾಕ್ ಎಲ್ಲ ದಾಟಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳೀಬೋದಿತ್ತು. 1970 ಜನವರಿಯಲ್ಲಿ ಬೋಯಿಂಗ್ 747 ಮೊದಲ ಸಲ ಟಿಕೆಟ್ ತಗೊಂಡ ಪ್ರಯಾಣಿಕರನ್ನ ಹೊತ್ತು ಹಾರಿದ್ದೂ ಪ್ಯಾನ್ ಆಮ್ ಹೆಸರಲ್ಲೇ, ನ್ಯೂಯಾರ್ಕಿನಿಂದ ಲಂಡನ್‌ಗೆ.

ಅಷ್ಟು ದೊಡ್ಡ ಕಂಪನಿ ಒಂದೇ ದಿನಕ್ಕೆ ಬಿದ್ದಿದ್ದಲ್ಲ. ಆಸ್ತಿ ಮಾರಿ ಮಾರಿ ಕರಗಿದ್ದು. 1981ರಲ್ಲಿ ನ್ಯೂಯಾರ್ಕಿನ ಪ್ಯಾನ್ ಆಮ್ ಬಿಲ್ಡಿಂಗ್ ಹೋಯ್ತು, ಇಂಟರ್‌ಕಾಂಟಿನೆಂಟಲ್ ಹೋಟೆಲುಗಳು ಹೋದ್ವು, 1985ರಲ್ಲಿ ಪೆಸಿಫಿಕ್ ಮಾರ್ಗಗಳನ್ನೆಲ್ಲ 75 ಕೋಟಿ ಡಾಲರ್‌ಗೆ ಯುನೈಟೆಡ್ ಏರ್‌ಲೈನ್ಸ್‌ಗೆ ಕೊಟ್ರು. 1988 ಡಿಸೆಂಬರ್ 21ಕ್ಕೆ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಹಾರ್ತಿದ್ದ ಪ್ಯಾನ್ ಆಮ್ ವಿಮಾನದಲ್ಲಿ ಬಾಂಬ್ ಸಿಡಿದು ಅದರಲ್ಲಿದ್ದ 259 ಜನ, ಕೆಳಗೆ ಮನೆಗಳಲ್ಲಿದ್ದ 11 ಜನ ಸತ್ರು, ಅದಾದ್ಮೇಲೆ ಜನ ಹತ್ತೋಕೇ ಹೆದರಿದ್ರು. ಮೇಲೆ ಗಲ್ಫ್ ಯುದ್ಧ, ಇಂಧನದ ರೇಟು. 1991 ಜನವರಿಯಲ್ಲಿ ದಿವಾಳಿ ಅರ್ಜಿ, ಅದೇ ವರ್ಷ ಡಿಸೆಂಬರ್ 4ಕ್ಕೆ ಪೂರ್ತಿ ಬಂದ್. ಕೊನೇ ಫ್ಲೈಟು ಬಾರ್ಬಡೋಸ್‌ನಿಂದ ಮಯಾಮಿಗೆ ಬಂದ ಒಂದು ಬೋಯಿಂಗ್ 727, ಹೆಸರು ‘ಕ್ಲಿಪ್ಪರ್ ಗುಡ್‌ವಿಲ್’. ಇಳಿಯೋಕೆ ಮುಂಚೆ ಕ್ಯಾಪ್ಟನ್ ಮಾರ್ಕ್ ಪೈಲ್ ಮಯಾಮಿ ರನ್‌ವೇ ಮೇಲೆ ತಗ್ಗಲ್ಲಿ ಹಾರಿಸಿಕೊಂಡು ಹೋಗಿ ಆಮೇಲೆ ಬಂದು ಇಳಿಸಿದ್ರು, ಕೆಳಗಡೆ ಸ್ಟಾಫ್ ಎಲ್ಲ ನೋಡ್ತಾ ನಿಂತಿದ್ರು.

ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಕಥೆ ಇಲ್ಲಿಂದ. ಕಂಪನಿ ಮುಳುಗಿದಾಗ ಕೋರ್ಟು ನೋಡೋದು ಸಾಲ ಕೊಟ್ಟೋರಿಗೆ ಏನು ಸಿಗುತ್ತೆ ಅಂತ, ಹಳೇ ಫೈಲು ಫೋಟೋ ಯಾರಿಗೆ ಬೇಕು. ಆಗ ಮುಂದೆ ಬಂದೋರು ಅಲ್ಲಿ ಕೆಲಸ ಮಾಡಿದ್ದ ಜನಾನೇ. 1992ರಲ್ಲಿ ಪ್ಯಾನ್ ಆಮ್ ಹಿಸ್ಟಾರಿಕಲ್ ಫೌಂಡೇಶನ್ ಅಂತ ಕಟ್ಟಿಕೊಂಡ್ರು. ಕಂಪನಿಯ ದಾಖಲೆಗಳು ಈಗ ಮಯಾಮಿ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ, ಸಾವಿರಕ್ಕೂ ಹೆಚ್ಚು ಪೆಟ್ಟಿಗೆ, ಅದರಲ್ಲಿ ಒಂದಷ್ಟು ಸ್ಕ್ಯಾನ್ ಆಗಿ ನಾವು ಇಲ್ಲಿಂದಲೇ ಕೂತು ನೋಡಬೋದು. ನ್ಯೂಯಾರ್ಕ್ ಹತ್ರ ಲಾಂಗ್ ಐಲೆಂಡ್‌ನ ಗಾರ್ಡನ್ ಸಿಟಿಯಲ್ಲಿ ಕ್ರೇಡಲ್ ಆಫ್ ಏವಿಯೇಶನ್ ಅಂತ ಮ್ಯೂಸಿಯಂ ಇದೆ, ಅದರೊಳಗೆ ಪ್ಯಾನ್ ಆಮ್‌ಗೇ ಒಂದು ಮ್ಯೂಸಿಯಂ ಮಾಡಿದಾರೆ. ಇನ್ನು ಗಗನಸಖಿಯರದ್ದು ಬೇರೇನೇ ಸಂಘ, ವರ್ಲ್ಡ್ ವಿಂಗ್ಸ್ ಇಂಟರ್‌ನ್ಯಾಷನಲ್ ಅಂತ, 1959ರಲ್ಲಿ ಶುರುವಾಗಿದ್ದು, ಕಂಪನಿ ಹೋಗಿ ಮೂವತ್ತು ವರ್ಷದ ಮೇಲಾದ್ರೂ ಸಂಘ ನಡೀತಾನೇ ಇದೆ, ಸೇರ್ತಾರೆ, ದುಡ್ಡು ಎತ್ತಿ ದಾನಧರ್ಮದ ಕೆಲಸ ಮಾಡ್ತಾರೆ. ನನಗೆ ಇದು ತುಂಬ ದೊಡ್ಡದು ಅನ್ಸುತ್ತೆ. ಸಂಬಳ ಕೊಡೋರಿಲ್ಲ, ಬಾಸ್ ಇಲ್ಲ, ಡ್ಯೂಟಿ ಚಾರ್ಟ್ ಇಲ್ಲ, ಆದ್ರೂ ಬರ್ತಾರೆ.

ಇನ್ನೊಂದು ಗಮನಿಸಿ. ಪ್ಯಾನ್ ಆಮ್‌ಗೆ ಅಷ್ಟು ಹೆಸರು ತಂದ ಬೋಯಿಂಗ್ 314 ಅನ್ನೋ ನೀರಿನ ವಿಮಾನ ತಯಾರಾಗಿದ್ದೇ 12, ಇವತ್ತು ಒಂದೂ ಇಲ್ಲ. ಐರ್ಲೆಂಡಿನ ಫೋಯ್ನ್ಸ್ ಊರಿನ ಮ್ಯೂಸಿಯಂನಲ್ಲಿ ಒಂದು ಪೂರ್ತಿ ಅಳತೆಯ ಮಾದರಿ ಮಾಡಿಟ್ಟಿದಾರೆ ಅಷ್ಟೇ. ಆದ್ರೆ ಅದೇ ಥರದ ‘ಪೆಸಿಫಿಕ್ ಕ್ಲಿಪ್ಪರ್’ 1941 ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ದಾಳಿ ಆದಾಗ ವಾಪಸ್ ಹೋಗೋ ದಾರಿ ಮುಚ್ಚಿಹೋಗಿ, ಆಕ್ಲೆಂಡ್‌ನಿಂದ ಪಶ್ಚಿಮಕ್ಕೆ ತಿರುಗಿ ಸುರಬಾಯಾ, ನಮ್ಮ ಪಕ್ಕದ ಸಿಂಹಳದ ಟ್ರಿಂಕೊಮಲಿ, ಕರಾಚಿ, ಬಹ್ರೇನ್, ಖಾರ್ಟೂಮ್, ಕಾಂಗೋ, ಬ್ರೆಜಿಲ್ ಅಂತ ಅರ್ಧ ಪ್ರಪಂಚ ಸುತ್ತಿ 1942 ಜನವರಿ 6ಕ್ಕೆ ನ್ಯೂಯಾರ್ಕಲ್ಲಿ ಇಳಿದ ಕಥೆ ಇವತ್ತಿಗೂ ಜನ ಹೇಳ್ತಾರೆ. ಹೇಗೆ ಉಳೀತು? ಕ್ಯಾಪ್ಟನ್ ರಾಬರ್ಟ್ ಫೋರ್ಡ್ ಮತ್ತು ಅವರ ಸಿಬ್ಬಂದಿ ಹೇಳಿದ್ರು, ಕೇಳಿಸಿಕೊಂಡೋರು ಬರೆದಿಟ್ರು. ತಗಡು ಹೋಯ್ತು, ಮಾತು ಉಳೀತು.

ಈಗ ಟ್ರಂಕಿನ ವಿಷಯ. ಮೊದಲನೇದು, ಏನನ್ನೂ ಬೇರೆ ಬೇರೆ ಮಾಡ್ಬೇಡಿ. ಫೋಟೋ ಯಾವ ಲಕೋಟೆಲಿತ್ತು, ಯಾವುದರ ಜೊತೆ ಯಾವುದು ಕಟ್ಟಿತ್ತು ಅನ್ನೋದೂ ಮಾಹಿತಿನೇ, ತೆಗೆಯೋಕೆ ಮುಂಚೆ ಮೊಬೈಲಲ್ಲಿ ಹಂತ ಹಂತವಾಗಿ ಫೋಟೋ ಹೊಡ್ಕೊಳ್ಳಿ. ಆಮೇಲೆ ಆ ಫೋಟೋ ಕಟ್ಟು ತಗೊಂಡು, ನಿಮ್ಮತ್ತೆ ಜೊತೆ ಬಾಂಬೆಯಲ್ಲಿದ್ದ ಗೆಳತಿಯರು ಯಾರಾದ್ರೂ ಬದುಕಿದ್ರೆ ಅವರ ಮುಂದೆ ಒಂದೊಂದೇ ಇಟ್ಟು ‘ಇವರ್ಯಾರು, ಇದೆಲ್ಲಿ, ಯಾವ ಸಂದರ್ಭ’ ಅಂತ ಕೇಳಿ, ಅವರು ಮಾತಾಡೋದನ್ನ ಮೊಬೈಲಲ್ಲೇ ರೆಕಾರ್ಡ್ ಮಾಡಿ. ಇದನ್ನ ಈ ತಿಂಗಳೇ ಮಾಡಿ, ಮುಂದಿನ ದೀಪಾವಳಿಗೆ ನೋಡೋಣ ಅನ್ಬೇಡಿ, ಅವರಿಗೆಲ್ಲ ಈಗ ಎಪ್ಪತ್ತು ಎಂಬತ್ತು ಆಗಿರುತ್ತೆ. ಹೆಸರಿಲ್ಲದ ಗ್ರೂಪ್ ಫೋಟೋ ಅಂದ್ರೆ ಇನ್ನು ಇಪ್ಪತ್ತು ವರ್ಷಕ್ಕೆ ಯಾರೋ ಸೀರೆ ಉಟ್ಟ ಹೆಂಗಸರು ಅಷ್ಟೇ. ಹೆಸರನ್ನ ಫೋಟೋ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಅಂಚಿಗೆ ಬರೀರಿ, ಬಾಲ್‌ಪೆನ್ ಬೇಡ, ಒತ್ತಿದ್ರೆ ಮುಂದೆ ಗೆರೆ ಬೀಳುತ್ತೆ, ಶಾಯಿ ಹರಡುತ್ತೆ.

ಲ್ಯಾಮಿನೇಶನ್ ಮಾಡಿಸ್ಬೇಡಿ, ಪ್ರೀತಿಯಿಂದ ಹಾಳು ಮಾಡೋದು ಅಂದ್ರೆ ಅದೇ, ಆಮೇಲೆ ಬಿಡಿಸೋಕೆ ಆಗಲ್ಲ. ಅಂಟಿನ ಹಾಳೆ ಇರೋ ಆಲ್ಬಮ್ಮೂ ಬೇಡ. ಟೈಮ್‌ಟೇಬಲ್ ಮೆನು ಕಾರ್ಡುಗಳ ಪಿನ್ನು, ರಬ್ಬರ್ ಬ್ಯಾಂಡ್ ನಿಧಾನಕ್ಕೆ ತೆಗೆದುಬಿಡಿ, ಒಂದು ತುಕ್ಕು ಹಿಡಿಸುತ್ತೆ ಇನ್ನೊಂದು ಕರಗಿ ಅಂಟಿಕೊಳ್ಳುತ್ತೆ. ಬ್ಯಾಡ್ಜನ್ನ ಪಾಲಿಶ್ ಹಾಕಿ ಉಜ್ಜಬೇಡಿ, ಮೇಲಿನ ಲೇಪನ ಹೋಗುತ್ತೆ, ಒಣ ಹತ್ತಿ ಬಟ್ಟೇಲಿ ಒರೆಸಿ ಸಾಕು. ಬಟ್ಟೆ ಏನಾದ್ರೂ ಇದ್ರೆ ಒಗೆದ ಬಿಳೀ ಹತ್ತಿ ಪಂಚೇಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬೇಡ, ಮಡಿಕೆ ಆಗಾಗ ಬದಲಾಯಿಸಿ. ನುಸಿಗುಳಿಗೆ ಫೋಟೋ ಹತ್ರ ಇಡಬೇಡಿ. ಮಳೆಗಾಲದಲ್ಲಿ ಟ್ರಂಕು ಗೋಡೆಗೆ ತಾಗಿಸಿ ಇಡದೆ ಮಣೆ ಮೇಲಿಡಿ. ಎರಡೂ ನೋಟ್‌ಬುಕ್ ಪುಟಾಪುಟ ಸ್ಕ್ಯಾನ್ ಮಾಡಿಸಿ, ಖಾಲಿ ಪುಟ, ರಟ್ಟು, ಮೂಲೆಯಲ್ಲಿ ಗೀಚಿದ ಫೋನ್ ನಂಬರ್ ಸಮೇತ, ಕಾಪಿ ಒಂದು ಮನೇಲಿ ಒಂದು ಬೇರೆ ಊರಲ್ಲಿರೋ ನೆಂಟರ ಹತ್ರ ಇರ್ಲಿ.

ಕೊಡೋದು ಅಂತ ತೀರ್ಮಾನ ಮಾಡಿದ್ರೆ ಪಾರ್ಸೆಲ್ ಕಟ್ಟಿ ಕಳಿಸಿಬಿಡ್ಬೇಡಿ. ಮೊದಲು ಏನೇನಿದೆ ಅಂತ ಒಂದು ಪಟ್ಟಿ, ಕೆಲವು ಫೋಟೋ, ಅತ್ತೆ ಯಾವ ಇಸವಿಯಿಂದ ಯಾವ ಇಸವಿವರೆಗೆ ಏನು ಕೆಲಸ ಮಾಡಿದ್ರು ಅನ್ನೋ ನಾಲ್ಕು ಸಾಲು ಬರೆದು ಆ ಲೈಬ್ರರಿಗೋ ಮ್ಯೂಸಿಯಂಗೋ ಮೇಲ್ ಮಾಡಿ, ಬೇಕೋ ಬೇಡವೋ ಅವರೇ ಹೇಳ್ಲಿ. ಬ್ಯಾಗು ಬೇಡ ಅಂದ್ರೂ ಅನ್ನಬೋದು, ಅವರಲ್ಲಿ ಆಗಲೇ ಇದ್ದೇ ಇರುತ್ತೆ, ಬೇಜಾರು ಮಾಡ್ಕೋಬೇಡಿ. ನೋಟ್‌ಬುಕ್ ಬಗ್ಗೆ ಮಾತ್ರ ಒತ್ತಿ ಬರೀರಿ, ಒಂದೆರಡು ಪುಟಕ್ಕೆ ಇಂಗ್ಲಿಷ್‌ನಲ್ಲಿ ಸಾರಾಂಶ ಮಾಡಿಕೊಡಿ. ದೂರದ ಊರಿನ ಕೌಂಟರ್‌ಗಳಲ್ಲಿ ನಿಂತ ಸ್ಥಳೀಯ ಸ್ಟಾಫ್ ಕಥೆ ಹೆಡ್ಡಾಫೀಸಿನ ಫೈಲಲ್ಲಿ ಸಿಗೋದು ಕಷ್ಟ. ಇನ್ನು ಮಾರಲೇಬೇಕು ಅನ್ನೋ ಪರಿಸ್ಥಿತಿ ಇದ್ರೆ ಬ್ಯಾಗು ಮಾರಿ, ಅದರಲ್ಲಿ ತಪ್ಪೇನಿಲ್ಲ, ಬಂದ ದುಡ್ಡಲ್ಲಿ ಉಳಿದಿದ್ದು ಸ್ಕ್ಯಾನ್ ಮಾಡಿಸಿ ಅಂತ ನಿಮ್ಮಣ್ಣನಿಗೂ ಹೇಳಿ.

ಪ್ರಶ್ನೆ: ನೀರಜಾ ಭಾನೋಟ್ ಕೂಡ ಪ್ಯಾನ್ ಆಮ್‌ನವರೇ ಅಲ್ವಾ? ಅವರ ಜೊತೆ ವಿಮಾನದಲ್ಲಿದ್ದ ಉಳಿದ ಸಿಬ್ಬಂದಿ ಬಗ್ಗೆ ಎಲ್ಲೂ ಓದಿಲ್ಲ.
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಹೌದಮ್ಮ, ಅವರದೇ ಗಗನಸಖಿ. 1986 ಸೆಪ್ಟೆಂಬರ್ 5, ಪ್ಯಾನ್ ಆಮ್ ಫ್ಲೈಟ್ 73, ಬಾಂಬೆಯಿಂದ ಹೊರಟು ಕರಾಚಿಯಲ್ಲಿ ನಿಂತಿತ್ತು, ಅಲ್ಲಿಂದ ಫ್ರಾಂಕ್‌ಫರ್ಟ್, ನ್ಯೂಯಾರ್ಕ್‌ಗೆ ಹೋಗಬೇಕಿತ್ತು. ಏರ್‌ಪೋರ್ಟ್ ಸೆಕ್ಯುರಿಟಿ ವೇಷದಲ್ಲಿ ನಾಲ್ಕು ಜನ ಬಂದೂಕು ಹಿಡಿದು ನುಗ್ಗಿದ್ರು. ಗಗನಸಖಿಯರು ತಕ್ಷಣ ಪೈಲಟ್‌ಗಳಿಗೆ ಎಚ್ಚರಿಕೆ ಮುಟ್ಟಿಸಿದ್ರು, ಪೈಲಟ್‌ಗಳು ಕಾಕ್‌ಪಿಟ್ ಮೇಲಿನ ಕಿಂಡಿಯಿಂದ ಇಳಿದುಹೋದ್ರು, ಅದರಿಂದ ವಿಮಾನವನ್ನ ಎಲ್ಲಿಗೂ ಹಾರಿಸಿಕೊಂಡು ಹೋಗೋಕೆ ಆಗದೇ ಇರೋ ಹಾಗಾಯ್ತು. ಆಮೇಲೆ ಒಳಗಿದ್ದ ಮುನ್ನೂರಕ್ಕೂ ಹೆಚ್ಚು ಜನರ ಜವಾಬ್ದಾರಿ ಇಪ್ಪತ್ತರ ಆಸುಪಾಸಿನ ಆ ಹುಡುಗ ಹುಡುಗಿಯರದ್ದೇ. ಪಾಸ್‌ಪೋರ್ಟ್ ಕಲೆಹಾಕಿ ಅಂದಾಗ ಅಮೆರಿಕನ್ ಪಾಸ್‌ಪೋರ್ಟುಗಳನ್ನ ಸೀಟಿನ ಕೆಳಗೆ, ಸಿಕ್ಕಿದ ಕಡೆ ಬಚ್ಚಿಟ್ರು. ಸುಮಾರು 16 ಗಂಟೆ ಹಂಗೇ ನಡೀತು, ರಾತ್ರಿ ಕರೆಂಟ್ ಕೊಡ್ತಿದ್ದ ಯಂತ್ರ ಕೈಕೊಟ್ಟು ದೀಪ ಆರಿದಾಗ ಗುಂಡು ಹಾರಿಸೋಕೆ ಶುರು ಮಾಡಿದ್ರು, ಆಗ ಸಿಬ್ಬಂದಿ ಬಾಗಿಲು ತೆಗೆದು ಜನರನ್ನ ಹೊರಗೆ ತಳ್ಳಿ ತಳ್ಳಿ ಕಳಿಸಿದ್ರು. ನೀರಜಾ ಗುಂಡಿಗೆ ಬಲಿಯಾದ್ರು, ಅವರಿಗೆ 23 ತುಂಬೋಕೆ ಎರಡು ದಿನ ಬಾಕಿ ಇತ್ತು. ಅಶೋಕ ಚಕ್ರ ಬಂತು, ಅವರ ತಂದೆ ತಾಯಿ ವಿಮೆ ದುಡ್ಡಲ್ಲಿ ಟ್ರಸ್ಟ್ ಮಾಡಿದ್ರು, ಅದಕ್ಕೆ ಪ್ಯಾನ್ ಆಮ್ ಕೂಡ ಅಷ್ಟೇ ದುಡ್ಡು ಸೇರಿಸಿತು.

ಉಳಿದ ಸಿಬ್ಬಂದಿ ಬಗ್ಗೆ ನೀವು ಓದಿಲ್ಲ ಅಂದ್ರೆ ಕಾರಣ ಇದೆ, ಅವರು ಬಹಳ ವರ್ಷ ಬಹಿರಂಗವಾಗಿ ಮಾತಾಡಿರಲೇ ಇಲ್ಲ. 2016ರಲ್ಲಿ, ಘಟನೆಯಾಗಿ 30 ವರ್ಷ ಆದ್ಮೇಲೆ, ಕೆಲವರು ಸೇರಿ ಮಾಧ್ಯಮದ ಮುಂದೆ ಬಂದು ಒಳಗೆ ಯಾರ್ಯಾರು ಏನೇನು ಮಾಡಿದ್ರು ಅಂತ ಹೇಳಿದ್ರು. ಅಷ್ಟರಲ್ಲಿ ಕಂಪನಿ ಹೋಗಿ 25 ವರ್ಷ ಆಗಿತ್ತು, ಅವರ ಪರವಾಗಿ ಒಂದು ಪ್ರೆಸ್ ನೋಟ್ ಕೊಡೋಕೂ ಆಫೀಸಿರಲಿಲ್ಲ. ಅವರೇ ಹೇಳಬೇಕಿತ್ತು, ಹೇಳಿದ್ರು. ನೀರಜಾ ಒಬ್ಬರೇ ಅಲ್ಲ, ಒಂದಿಡೀ ತಂಡ ಅವತ್ತು ಡ್ಯೂಟಿ ಬಿಡಲಿಲ್ಲ ಅಂತ ನಮಗೆ ಗೊತ್ತಾಗಿದ್ದು ಅವರ ಬಾಯಿಂದಲೇ.

ಪ್ರಶ್ನೆ: ಪ್ಯಾನ್ ಆಮ್ ಮತ್ತೆ ಹಾರುತ್ತಿದೆ ಅಂತ ವಾಟ್ಸಾಪಲ್ಲಿ ಬಂತು, ನಿಜವೇ?
– ಓದುಗರು, ಮಡಿಕೇರಿ

ಉತ್ತರ: ಹೆಸರು ಮತ್ತು ಆ ನೀಲಿ ಗೋಳದ ಗುರುತು ಮಾತ್ರ. ದಿವಾಳಿ ಆದಾಗ ಅದನ್ನೂ ಮಾರಿದ್ರು, ಆಮೇಲೆ ಕೈಯಿಂದ ಕೈಗೆ ಹೋಗಿದೆ. 1996ರಲ್ಲಿ ಒಂದು ಸಲ ಆ ಹೆಸರಲ್ಲಿ ಕಂಪನಿ ಶುರುವಾಗಿ 1998ಕ್ಕೆ ನಿಂತಿತು, ಬೇರೆಯವರು ಕೊಂಡು ಸಣ್ಣ ಮಟ್ಟದಲ್ಲಿ ಇನ್ನೂ ಕೆಲವು ವರ್ಷ ನಡೆಸಿದ್ರು. 2025ರಲ್ಲಿ ಅದೇ ಬಣ್ಣ ಬಳಿದ ಒಂದು ಬಾಡಿಗೆ ವಿಮಾನದಲ್ಲಿ ಶ್ರೀಮಂತರ ಟೂರ್ ಹೋಯ್ತು, ನಿಮಗೆ ಬಂದಿದ್ದು ಬಹುಶಃ ಆ ಫೋಟೋ ಇರಬೇಕು.

ಪ್ರಶ್ನೆ: ನಾನು ಬೆಂಗಳೂರಲ್ಲಿ ಮುಚ್ಚಿಹೋದ ಒಂದು ವಿಮಾನ ಕಂಪನಿಯಲ್ಲಿ ಗ್ರೌಂಡ್ ಸ್ಟಾಫ್ ಆಗಿದ್ದೆ. ಕೊನೆಕೊನೆಗೆ ಸಂಬಳ ಬರಲಿಲ್ಲ, ಮನೆ ಬಾಡಿಗೆಗೆ ಹೆಂಡತಿ ಬಳೆ ಅಡ ಇಟ್ಟೆ. ಹಳೇ ಸ್ನೇಹಿತರು ರಿಯೂನಿಯನ್ ಮಾಡೋಣ, ಯೂನಿಫಾರ್ಮ್ ಹಾಕಿಕೊಂಡು ಫೋಟೋ ತೆಗೆಸೋಣ ಅಂತಾರೆ. ನಮಗೆ ಅನ್ನ ಕೊಡದ ಕಂಪನಿಯ ನೆನಪು ನಾನ್ಯಾಕೆ ಇಟ್ಕೋಬೇಕು?
– ಓದುಗರೊಬ್ಬರು, ಯಲಹಂಕ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು, ಅದನ್ನ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ರಿಯೂನಿಯನ್‌ಗೆ ಹೋಗಲೇಬೇಕು ಅಂತಲೂ ಇಲ್ಲ.

ಆದ್ರೆ ಒಂದು ಕೇಳಿ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಟಿಡಬ್ಲ್ಯೂಎ ಅನ್ನೋ ವಿಮಾನ ಕಂಪನಿಯ ಮ್ಯೂಸಿಯಂ ಇದೆ, ಊರೊಳಗಿನ ಹಳೇ ಏರ್‌ಪೋರ್ಟ್‌ನಲ್ಲಿ, ಒಂದು ಕಾಲಕ್ಕೆ ಅವರದೇ ಹೆಡ್ಡಾಫೀಸಾಗಿದ್ದ ಕಟ್ಟಡದಲ್ಲಿ. ಟಿಡಬ್ಲ್ಯೂಎ ಕೂಡ ದಿವಾಳಿ ಮೇಲೆ ದಿವಾಳಿ ನೋಡಿ 2001 ಡಿಸೆಂಬರ್ 1ಕ್ಕೆ ಅಮೆರಿಕನ್ ಏರ್‌ಲೈನ್ಸ್ ಒಳಗೆ ಕರಗಿಹೋಯ್ತು, ಅವರ ಜನಾನೂ ಕೆಲಸ, ಸೀನಿಯಾರಿಟಿ ಎಲ್ಲ ಕಳ್ಕೊಂಡ್ರು. ಆ ಮ್ಯೂಸಿಯಂನಲ್ಲಿ ಬಂದೋರಿಗೆ ತೋರಿಸಿ ವಿವರಿಸೋರು ಸಂಬಳವಿಲ್ಲದ ಸ್ವಯಂಸೇವಕರು, ಅದರಲ್ಲಿ ಅಲ್ಲೇ ದುಡಿದು ರಿಟೈರಾದೋರೇ ಬಹಳ. ಅವರು ಕಾಯ್ತಿರೋದು ಮಾಲೀಕರ ಮರ್ಯಾದೆನಾ? ನನಗೆ ಹಾಗನ್ನಿಸಲ್ಲ. ಬೆಳಿಗ್ಗೆ ಮೂರಕ್ಕೆ ಎದ್ದು ಮಂಜಲ್ಲಿ ನಿಂತು ಲಗೇಜ್ ಹತ್ತಿಸಿದ್ದು, ಗಾಲಿಕುರ್ಚಿಯ ಅಜ್ಜಿಯನ್ನ ಸೀಟಿನವರೆಗೆ ಬಿಟ್ಟು ಬಂದಿದ್ದು, ಫ್ಲೈಟ್ ಕ್ಯಾನ್ಸಲ್ ಆದಾಗ ಮುನ್ನೂರು ಜನರ ಬೈಗುಳ ತಿಂದಿದ್ದು, ಇದೆಲ್ಲ ಆ ಕಂಪನಿದಲ್ಲ ಸ್ವಾಮಿ, ನಿಮ್ಮದು. ದಿವಾಳಿ ಕೋರ್ಟಲ್ಲಿ ಅದನ್ನ ಯಾರೂ ಹರಾಜು ಹಾಕಿಲ್ಲ.

ನೆನಪಿಡೋದು ಅಂದ್ರೆ ಹೊಗಳೋದು ಅಂತ ಅಂದ್ಕೋಬೇಡಿ. ಲಾಕರ್ಬಿಯ ದಾಖಲೆಗಳಿಗೇ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರತ್ಯೇಕ ಸಂಗ್ರಹ ಇದೆ, ಅದೂ ಪ್ಯಾನ್ ಆಮ್ ಇತಿಹಾಸವೇ. ಹಂಗೇ ನೀವು ಯೂನಿಫಾರ್ಮ್ ಇಟ್ಕೊಳ್ಳದೇ ಇದ್ರೂ ಪರವಾಗಿಲ್ಲ, ಸಂಬಳ ತಡವಾಗುತ್ತೆ ಅಂತ ಬಂದ ಮೇಲ್‌ಗಳು, ಕೊನೇ ಪೇ ಸ್ಲಿಪ್ಪು, ಪಿಎಫ್ ಪತ್ರ, ಬಳೆ ಅಡ ಇಟ್ಟ ಚೀಟಿ ಇದ್ರೆ ಅದೂ, ಎಲ್ಲ ಒಂದು ಫೈಲಲ್ಲಿ ಹಾಕಿ. ರಿಯೂನಿಯನ್‌ನಲ್ಲಿ ನಗೋ ಫೋಟೋಗಳು ಮಾತ್ರ ಉಳಿದ್ರೆ ಮುಂದಿನೋರಿಗೆ ಎಲ್ಲ ಚೆನ್ನಾಗೇ ಇತ್ತು ಅನ್ಸುತ್ತೆ. ನೀವು ಹೋದ್ರೆ ಆ ಫೈಲ್ ತಗೊಂಡೇ ಹೋಗಿ, ಉಳಿದೋರ ಹತ್ರಾನೂ ಕೇಳಿ.

ಪ್ರಶ್ನೆ: ಏರ್ ಡೆಕ್ಕನ್ ಬಗ್ಗೆ ಕಾಲೇಜು ಪ್ರಾಜೆಕ್ಟ್ ಮಾಡ್ಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?
– ಪತ್ರಿಕೋದ್ಯಮ ವಿದ್ಯಾರ್ಥಿ, ಹಾಸನ

ಉತ್ತರ: ಒಳ್ಳೇ ವಿಷಯ, ಅದೂ ನಿಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಕಂಪನಿ. 2003ರಲ್ಲಿ ಶುರುವಾಗಿ ಎಟಿಆರ್ ಅನ್ನೋ ಸಣ್ಣ ವಿಮಾನಗಳಲ್ಲಿ ಹುಬ್ಬಳ್ಳಿಯಂಥ ಊರಿಗೂ ಹಾರಿದ್ದು, ಒಂದು ರೂಪಾಯಿ ಟಿಕೆಟ್ ಕೊಟ್ಟಿದ್ದು, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಸಾಮಾನ್ಯ ಮನುಷ್ಯನನ್ನ ಗುರುತಾಗಿ ಇಟ್ಕೊಂಡಿದ್ದು, ಕೊನೆಗೆ ಐದೇ ವರ್ಷಕ್ಕೆ ಇನ್ನೊಂದು ಕಂಪನಿಯೊಳಗೆ ಸೇರಿ ಹೆಸರು ಹೋಗಿದ್ದು ಇದೆಲ್ಲ ಪೇಪರ್‌ಗಳಲ್ಲಿ ಸಿಗುತ್ತೆ. ಅದಕ್ಕೆ ಹೆಚ್ಚು ಟೈಮ್ ಹಾಕ್ಬೇಡಿ. ಮಾಲೀಕರ ಮಾತು ಬೇಕಾದಷ್ಟು ಅಚ್ಚಾಗಿದೆ, ನಿಮಗೆ ಬೇಕಾಗಿರೋರು ಚೆಕ್‌ಇನ್ ಕೌಂಟರ್‌ನೋರು, ಇಂಜಿನಿಯರ್‌ಗಳು, ಲೋಡರ್‌ಗಳು, ಕಾಲ್ ಸೆಂಟರ್ ಹುಡುಗಿಯರು, ಹುಬ್ಬಳ್ಳಿ ಮಂಗಳೂರು ಏರ್‌ಪೋರ್ಟ್‌ನಲ್ಲಿದ್ದ ಸ್ಟಾಫು. ಅವರು ಈಗ ನಲವತ್ತು ಐವತ್ತರ ವಯಸ್ಸಲ್ಲಿರ್ತಾರೆ, ಜ್ಞಾಪಕ ಗಟ್ಟಿ ಇರುತ್ತೆ. ಮೊದಲ ಸಲ ವಿಮಾನ ಹತ್ತಿದೋರು ಹೇಗಿರ್ತಿದ್ರು, ಬುತ್ತಿ ತಂದಿದ್ರಾ, ಸೀಟ್‌ಬೆಲ್ಟ್ ಹಾಕೋಕೆ ಯಾರು ಕಲಿಸಿಕೊಡ್ತಿದ್ರು, ಎಚ್‌ಎಎಲ್ ಹಳೇ ಏರ್‌ಪೋರ್ಟ್‌ನಲ್ಲಿ ಅವರ ಕೌಂಟರ್ ಎಲ್ಲಿತ್ತು ಅಂತ ಸಣ್ಣ ಸಣ್ಣದು ಕೇಳಿ, ಯಾಕಂದ್ರೆ 2008 ಮೇ ತಿಂಗಳಲ್ಲಿ ವಿಮಾನ ಸಂಚಾರ ದೇವನಹಳ್ಳಿಗೆ ಹೋಯ್ತು, ಆ ಕೌಂಟರ್‌ಗಳನ್ನ ಈಗ ಹೋಗಿ ನೋಡೋಕೆ ಆಗಲ್ಲ. ಪ್ರಾಜೆಕ್ಟ್ ಮಾರ್ಕ್ಸ್ ಬಂದ್ಮೇಲೂ ರೆಕಾರ್ಡಿಂಗ್ ಅಳಿಸ್ಬೇಡಿ, ಮಾತಾಡಿದೋರ ಒಪ್ಪಿಗೆ ಬರೆಸಿಕೊಂಡು ಒಂದು ಪ್ರತಿ ಕಾಲೇಜ್ ಲೈಬ್ರರಿಗೆ ಕೊಡಿ, ಒಂದು ಪ್ರತಿ ಅವರಿಗೇ ವಾಪಸ್ ಕೊಡಿ.